ಪೋರ್ಟ್ ಲೂಯಿಯ ಡೋಡೋ: ದ್ವೀಪದ ಮ್ಯೂಸಿಯಂ ಒಂದನ್ನು ಓದುವ ಬಗೆ

ಮಾರಿಷಸ್ಸಿನ ರಾಜಧಾನಿ ಪೋರ್ಟ್ ಲೂಯಿಯಲ್ಲಿ, ಕಂಪನಿ ಗಾರ್ಡನ್ ಎಂಬ ಹಳೆಯ ತೋಟದ ಪಕ್ಕದಲ್ಲಿ ಪ್ರಾಕೃತಿಕ ಇತಿಹಾಸದ ಮ್ಯೂಸಿಯಂ ಇದೆ. ಜೂಲಿಯನ್ ದೆಜಾರ್ದಾಂ ಎಂಬ ನಿಸರ್ಗಪ್ರೇಮಿ ಕೂಡಿಹಾಕಿದ್ದ ವಸ್ತುಗಳಿಂದ 1842ರಲ್ಲಿ ಶುರುವಾದ ಸಂಗ್ರಹ ಇದು. ಈಗಿನ ಕಟ್ಟಡ 1880ರ ದಶಕದ್ದು. ಒಳಗೆ ಹೋದವರು ಮೀನು, ಚಿಪ್ಪು, ಆಮೆಗಳ ಗಾಜಿನ ಬೀರುಗಳನ್ನು ಸರಸರನೆ ದಾಟಿ, ಈ ದ್ವೀಪದಲ್ಲಿ ಮಾತ್ರ ಇದ್ದು ಅಳಿದುಹೋದ, ಹಾರಲಾರದ ದೊಡ್ಡ ಹಕ್ಕಿ ಡೋಡೋ ಇರುವ ಕೋಣೆಗೆ ನಡೆಯುತ್ತಾರೆ. ಅಲ್ಲಿ ಗರಿ ಹೊದ್ದು ನಿಂತ ಡೋಡೋ ಜೊತೆ ಫೋಟೊ ತೆಗೆಸಿಕೊಂಡು ಹೊರಬೀಳುತ್ತಾರೆ.

ಆ ಗರಿಗಳಲ್ಲಿ ಒಂದೂ ಡೋಡೋದ್ದಲ್ಲ. ಅಲ್ಲೇ ಇರುವ ಅಸ್ಥಿಪಂಜರದಂಥದ್ದು ಮಾತ್ರ ಜಗತ್ತಿನಲ್ಲಿ ಇನ್ನೊಂದಿಲ್ಲ. ಎರಡನ್ನೂ ಒಂದೇ ಕಣ್ಣಿನಲ್ಲಿ ನೋಡಿ ಬಂದರೆ ಮ್ಯೂಸಿಯಂ ನೋಡಿಯೂ ನೋಡದ ಹಾಗೆ. ದ್ವೀಪದ ಜೀವಿಗಳು ಒಮ್ಮೆ ಅಳಿದರೆ ಮತ್ತೆ ಪರೀಕ್ಷೆ ಮಾಡಲು ಬೇರೆ ಕಡೆ ಸಿಗುವುದಿಲ್ಲ. ಆದ್ದರಿಂದ ಕಪಾಟಿನಲ್ಲಿ ಇರುವುದು ಏನು, ಎಲ್ಲಿಂದ ಬಂತು, ಯಾವ ಪದರದಲ್ಲಿ ಯಾವುದರ ಜೊತೆ ಸಿಕ್ಕಿತು ಎಂಬ ದಾಖಲೆಗೇ ಎಲ್ಲ ಬೆಲೆ. ದಾಖಲೆ ಕಳೆದ ಎಲುಬು ಹೆಚ್ಚುಕಡಿಮೆ ಬರೀ ಸುಣ್ಣ.

ಗರಿ ಹೊದಿಸಿದ ಊಹೆ

1598ರಲ್ಲಿ ಡಚ್ಚರ ಹಡಗುಗಳು ಮಾರಿಷಸ್ಸಿಗೆ ಬಂದವು. 1638ರಲ್ಲಿ ಅವರು ಅಲ್ಲಿ ನೆಲೆಯೂರಿದರು. ಡೋಡೋ ಕಂಡ ಬಗ್ಗೆ ಹೆಚ್ಚಿನವರು ಒಪ್ಪುವ ಕೊನೆಯ ಬರಹ 1662ರದ್ದು, ಹಡಗೊಡೆದು ದಡ ಸೇರಿದ ಫೋಲ್ಕರ್ಟ್ ಎವರ್ಟ್ಸ್ ಎಂಬ ನಾವಿಕನದು. ಅಲ್ಪಸ್ವಲ್ಪ ಹಕ್ಕಿಗಳು ಅದಾದ ಮೇಲೂ ಉಳಿದಿದ್ದಿರಬೇಕು. ಕಂಡ ದಿನಾಂಕಗಳ ನಡುವಿನ ಅಂತರ ಹಿಡಿದು ಮಾಡಿದ ಲೆಕ್ಕವೊಂದು ವಂಶ ಮುಗಿದ ಕಾಲವನ್ನು 1690ರ ಸುಮಾರಿಗೆ ತರುತ್ತದೆ. ಡಚ್ಚರ ಕಾಲದಲ್ಲಿ ಇಡೀ ದ್ವೀಪದಲ್ಲಿದ್ದ ಜನ ಕೆಲವೇ ನೂರು. ಅವರು ಹೊಡೆದು ತಿಂದೇ ಡೋಡೋ ಮುಗಿಯಿತು ಎನ್ನುವುದು ಹಾಗಾಗಿ ನಿಲ್ಲದ ಮಾತು. ಹಡಗಿನ ಜೊತೆ ಬಂದ ಇಲಿ, ಹಂದಿ, ಕೋತಿಗಳು ನೆಲದ ಮೇಲಿನ ಗೂಡಿನಿಂದ ಮೊಟ್ಟೆ ತಿಂದದ್ದು, ಕಾಡು ಕಡಿದದ್ದು ದೊಡ್ಡ ಏಟು.

ಚರ್ಮ, ಗರಿ ಸಮೇತ ಪೂರ್ತಿ ಡೋಡೋ ಎಲ್ಲೂ ಉಳಿದಿಲ್ಲ. ಮಾಂಸ, ಚರ್ಮದ ಅಂಶ ಉಳಿದಿರುವುದು ಆಕ್ಸ್‌ಫರ್ಡಿನಲ್ಲಿರುವ ಒಂದು ತಲೆ ಮತ್ತು ಕಾಲಿನಲ್ಲಿ ಮಾತ್ರ. 2018ರಲ್ಲಿ ಆ ತಲೆಯ ಸಿಟಿ ಸ್ಕ್ಯಾನ್ ಮಾಡಿದಾಗ ಬುರುಡೆಯ ಹಿಂಬದಿಯಲ್ಲಿ ಬಂದೂಕಿನ ಸೀಸದ ಚರೆ ಕಂಡಿತು. ಲಂಡನ್ನಿನಲ್ಲಿ ಸಾಕಿದ್ದ ಹಕ್ಕಿ ಅದು ಎಂದು ಅಲ್ಲಿಯವರೆಗೆ ನಂಬಿದ್ದವರು ಮತ್ತೆ ಯೋಚಿಸಬೇಕಾಯಿತು.

ಹಾಗಿದ್ದಮೇಲೆ ಮ್ಯೂಸಿಯಂಗಳಲ್ಲಿ ನಿಲ್ಲಿಸಿರುವ ಗರಿಯ ಡೋಡೋ ಯಾವುದು? ಒಳಗೆ ಮರ, ತಂತಿ, ಪ್ಲಾಸ್ಟರು. ಮೇಲೆ ಹಂಸ, ಬಾತು, ಕೋಳಿಗಳ ಪುಕ್ಕ. ರೂಪ ಬಂದದ್ದು 17ನೇ ಶತಮಾನದ ಚಿತ್ರಗಳಿಂದ, ಅದರಲ್ಲೂ ರೂಲಾಂಟ್ ಸಾವೇರಿ ಎಂಬ ಕಲಾವಿದನ ಚಿತ್ರಗಳಿಂದ. ಅವುಗಳಲ್ಲಿ ಡೋಡೋ ಕೊಬ್ಬಿ ಕುಳ್ಳಗೆ ಕಾಣುತ್ತದೆ. ಇದಕ್ಕೆ ಪಕ್ಕದಲ್ಲಿಟ್ಟು ನೋಡಬೇಕಾದ ಇನ್ನೊಂದು ಚಿತ್ರ ನಮ್ಮ ಕಡೆಯದು. ಸುಮಾರು 1625ರಲ್ಲಿ ಬರೆದ, ಜಹಾಂಗೀರನ ಆಸ್ಥಾನದ ಉಸ್ತಾದ್ ಮನ್ಸೂರ್ ಹೆಸರಿಗೆ ಸಲ್ಲುವ ಒಂದು ಮೊಘಲ್ ಚಿತ್ರದಲ್ಲಿ ಗಿಳಿ, ಬಾತುಗಳ ನಡುವೆ ಡೋಡೋ ಇದೆ. ಅದೀಗ ಸೇಂಟ್ ಪೀಟರ್ಸ್‌ಬರ್ಗಿನಲ್ಲಿದೆ. ಅದೇ ಕಾಲಕ್ಕೆ ಸೂರತ್‌ನಲ್ಲಿ ಎರಡು ಡೋಡೋ ಕಂಡೆನೆಂದು ಪೀಟರ್ ಮಂಡಿ ಎಂಬ ಇಂಗ್ಲಿಷ್ ಪ್ರವಾಸಿ ಬರೆದಿಟ್ಟಿದ್ದಾನೆ. ಕಣ್ಣೆದುರಿನ ಜೀವಂತ ಹಕ್ಕಿಯನ್ನು ನೋಡಿ ಬರೆದಂತಿರುವ ಈ ಚಿತ್ರವನ್ನು ತಜ್ಞರು ಯುರೋಪಿನ ಅನೇಕ ಚಿತ್ರಗಳಿಗಿಂತ ಹೆಚ್ಚು ನಂಬುತ್ತಾರೆ.

ತೂಕದ ಲೆಕ್ಕವೂ ಇಳಿದಿದೆ. ಹಳೆಯ ಬರಹಗಳು 20 ಕಿಲೋಗೂ ಮಿಕ್ಕಿ ಹೇಳುತ್ತಿದ್ದವು. ಕಾಲಿನ ಎಲುಬಿನ ದಪ್ಪ ಹಿಡಿದು ಮಾಡಿದ ಇತ್ತೀಚಿನ ಅಂದಾಜುಗಳಲ್ಲಿ ಅನೇಕವು 10ರಿಂದ 15 ಕಿಲೋ ಆಸುಪಾಸಿಗೆ ಬರುತ್ತವೆ. ಮಾದರಿಯ ಹೊಟ್ಟೆ ಎಷ್ಟು ಜೋತುಬಿದ್ದಿದೆ ನೋಡಿದರೆ ಸಾಕು, ಅದು ಯಾವ ಕಾಲದ ತಿಳಿವಳಿಕೆಯಿಂದ ತಯಾರಾದದ್ದು ಎಂದು ಗೊತ್ತಾಗುತ್ತದೆ.

ಜೌಗಿನ ಎಲುಬು, ಜೋಡಿಸಿದ ಹಕ್ಕಿ

ದ್ವೀಪದ ಆಗ್ನೇಯಕ್ಕೆ, ಈಗಿನ ವಿಮಾನ ನಿಲ್ದಾಣದ ಹತ್ತಿರ, ಮಾರ್ ಓ ಸೋಂಜ್ ಎಂಬ ಕೆಸು ಬೆಳೆಯುವ ಜೌಗು ಇದೆ. 1865ರಲ್ಲಿ ಅಲ್ಲಿ ಸಕ್ಕರೆ ತೋಟದ ಪಕ್ಕ ರೈಲುಹಾದಿ ಹಾಕುತ್ತಿದ್ದಾಗ, ಕೂಲಿಯವರು ಕರಿಮಣ್ಣು ತೆಗೆಯುತ್ತ ಎಲುಬುಗಳನ್ನು ಬೇರೆ ರಾಶಿ ಹಾಕುತ್ತಿದ್ದುದು ಹ್ಯಾರಿ ಹಿಗ್ಗಿನ್ಸನ್ ಎಂಬ ಎಂಜಿನಿಯರ ಕಣ್ಣಿಗೆ ಬಿತ್ತು. ಆತ ಅವನ್ನು ಮಾಯೆಬೂರ್ ಊರಿನ ಶಾಲಾ ಮಾಸ್ತರ ಜಾರ್ಜ್ ಕ್ಲಾರ್ಕ್‌ಗೆ ಮುಟ್ಟಿಸಿದ. ಕ್ಲಾರ್ಕ್ ಡೋಡೋ ಎಲುಬಿಗಾಗಿ ಬಹುಕಾಲದಿಂದ ಹುಡುಕುತ್ತಿದ್ದವನು. ಜೌಗಿನ ನಡುವೆ ಸುಮಾರು ಮೂರು ಅಡಿ ನೀರಿನಲ್ಲಿ ಆಳುಗಳನ್ನು ಇಳಿಸಿ, ಬರಿಗಾಲಿನಿಂದ ಕೆಸರು ತಡವಿಸಿ ಎಲುಬು ತೆಗೆಸಿದ. ಜಗತ್ತಿನ ಮ್ಯೂಸಿಯಂಗಳಲ್ಲಿರುವ ಡೋಡೋ ಎಲುಬುಗಳಲ್ಲಿ ಹೆಚ್ಚಿನವು ಈ ಜೌಗಿನವು.

ಎಲುಬು ಅಲ್ಲಿಯೇ ಯಾಕೆ ಉಳಿಯಿತು ಎಂಬುದಕ್ಕೆ ಕಾರಣವಿದೆ. ಮಾರಿಷಸ್ ಜ್ವಾಲಾಮುಖಿಯಿಂದ ಎದ್ದ ದ್ವೀಪ. ಅದರ ಮಣ್ಣು ಹೆಚ್ಚಿನ ಕಡೆ ಆಮ್ಲೀಯ, ಎಲುಬನ್ನು ನಿಧಾನಕ್ಕೆ ಕರಗಿಸಿಬಿಡುತ್ತದೆ. ಮಾರ್ ಓ ಸೋಂಜ್‌ನ ಬಂಡೆಯ ತಗ್ಗಿಗೆ ಸುಣ್ಣದಂಶವುಳ್ಳ ನೀರು ಒಸರುವುದರಿಂದ ಆಮ್ಲ ಸಾಯುತ್ತದೆ. ಮೇಲಿನ ನೀರು, ಕೆಸರು ಗಾಳಿ ತಾಗದಂತೆ ಮುಚ್ಚುತ್ತವೆ. ಸುಮಾರು 4,200 ವರ್ಷಗಳ ಹಿಂದೆ ದೊಡ್ಡ ಬರ ಬಿದ್ದು, ಸುತ್ತಲಿನ ಪ್ರಾಣಿಗಳೆಲ್ಲ ಉಳಿದ ಈ ನೀರಿಗೆ ಮುತ್ತಿದವು. ನೀರು ಇಳಿದಂತೆ ಉಪ್ಪಾಯಿತು, ಸಗಣಿ ಮೂತ್ರ ಸೇರಿ ವಿಷದ ಪಾಚಿ ಕಟ್ಟಿತು, ಪ್ರಾಣಿಗಳು ಅಲ್ಲೇ ಸತ್ತವು ಎಂಬುದು ಸಂಶೋಧಕರ ವಿವರಣೆ. ಸಿಕ್ಕ ಎಲುಬುಗಳಲ್ಲಿ ಸಿಂಹಪಾಲು ದೈತ್ಯ ಆಮೆಗಳದು. ಡೋಡೋ ಅದರ ಮುಂದೆ ಅಲ್ಪಸಂಖ್ಯಾತ.

ಕೆಲಸ ಕೆಟ್ಟದ್ದು ತೆಗೆದ ಬಗೆಯಲ್ಲಿ. 1865ರಲ್ಲಿ ಯಾರೂ ಪದರ ಗುರುತಿಸಲಿಲ್ಲ, ಯಾವ ಎಲುಬು ಯಾವುದರ ಪಕ್ಕ ಇತ್ತೆಂದು ಬರೆಯಲಿಲ್ಲ. ದೊಡ್ಡ ಎಲುಬು ಆರಿಸಿದರು. ಹಲ್ಲಿ, ಬಾವಲಿ, ಬಸವನಹುಳು, ಬೀಜಗಳನ್ನು ಕೆಸರಲ್ಲೇ ಬಿಟ್ಟರು. ಎಲುಬುಗಳು ಲಂಡನ್ನಿಗೆ ಹೋಗಿ ಹರಾಜಾದವು. ಕೊಂಡವರು ಒಂದು ಹಕ್ಕಿಯ ತೊಡೆ, ಇನ್ನೊಂದರ ಎದೆಗೂಡು, ಮತ್ತೊಂದರ ಬುರುಡೆ ಸೇರಿಸಿ ಒಂದು ಡೋಡೋ ನಿಲ್ಲಿಸಿದರು. ಗಂಡು ಹೆಣ್ಣು, ಎಳೆಯದು ಬಲಿತದ್ದು ಎಲ್ಲ ಬೆರೆತ ಇಂಥ ಪಂಜರದಿಂದ ಅಂಗಗಳ ಪ್ರಮಾಣ ಅಳೆದರೆ ಉತ್ತರ ತಪ್ಪೇ ಬರುತ್ತದೆ. ಅಂಗರಚನಾ ತಜ್ಞ ರಿಚರ್ಡ್ ಓವೆನ್ 1866ರಲ್ಲಿ ಮೊದಲು ಜೋಡಿಸಿದಾಗ ಸಾವೇರಿಯ ಚಿತ್ರದ ಹೊರಗೆರೆಯೊಳಗೆ ಎಲುಬು ಕೂರಿಸಿದರು. ಹಕ್ಕಿ ಮಂಡಿಯೂರಿ ಕುಕ್ಕರುಗಾಲಲ್ಲಿ ಕೂತಂತಾಯಿತು. 1872ರಲ್ಲಿ ಅವರೇ ಅದನ್ನು ತಿದ್ದಿ ನೆಟ್ಟಗೆ ನಿಲ್ಲಿಸಿದರು.

ಎರಡನೇ ಮಹಾಯುದ್ಧದ ಕಾಲಕ್ಕೆ ಮಲೇರಿಯಾ ಭಯದಿಂದ ಜೌಗಿಗೆ ಕಲ್ಲು ತುಂಬಿದರು. ಅದೇ ಒಂದು ರೀತಿಯಲ್ಲಿ ಕೆಳಗಿನ ಪದರಕ್ಕೆ ಕಾವಲಾಯಿತು. 2005ರಿಂದ ಡಚ್ ಮತ್ತು ಮಾರಿಷಸ್ ಸಂಶೋಧಕರಿದ್ದ ತಂಡ ಅಲ್ಲಿ ಮತ್ತೆ ಅಗೆದಾಗ ಕೆಸರನ್ನು ಪದರ ಪದರವಾಗಿ ತೆಗೆದು ಜರಡಿ ಹಿಡಿದರು. ಬರದ ಕಥೆ ಗೊತ್ತಾದದ್ದು ಆಗ, ಆ ಜರಡಿಯಲ್ಲಿ ನಿಂತ ಬೀಜ, ಪರಾಗ, ಸಣ್ಣ ಎಲುಬುಗಳಿಂದ.

ನೀರಲ್ಲಿದ್ದ ಎಲುಬನ್ನು ಮೇಲೆತ್ತಿದ ಕೂಡಲೇ ಬಿಸಿಲಿಗಿಟ್ಟರೆ ಹೊರಪದರ ಒಣಗಿ ಕುಗ್ಗುತ್ತದೆ, ಒಳಗಿನ ತೇವ ಹಾಗೇ ಇರುತ್ತದೆ. ಉದ್ದಕ್ಕೆ ಸೀಳು ಬಿಟ್ಟು ಸಿಪ್ಪೆ ಏಳುತ್ತದೆ. ಮಾಡಬೇಕಾದ್ದು ಇಷ್ಟು: ಶುದ್ಧ ನೀರಲ್ಲಿ ಉಪ್ಪು ಬಿಡುವತನಕ ತೊಳೆಯುವುದು, ತೂತು ಮಾಡಿದ ಪಾಲಿಥೀನ್ ಚೀಲದಲ್ಲಿಟ್ಟು ನೆರಳಲ್ಲಿ ವಾರಗಟ್ಟಲೆ ಒಣಗಿಸುವುದು, ಪೂರ್ತಿ ಒಣಗಿದ ಮೇಲೆ ಪುಡಿಯಾಗುತ್ತಿದ್ದರೆ ಮಾತ್ರ ಅಸಿಟೋನಿನಲ್ಲಿ ಶೇ 5ರಷ್ಟು ಕರಗಿಸಿದ ಪ್ಯಾರಲಾಯ್ಡ್ ಬಿ-72 ಎಂಬ ಅಕ್ರಿಲಿಕ್ ರಾಳ ಕುಡಿಸುವುದು. ತೇವವಿರುವಾಗಲೇ ಇದನ್ನು ಬಳಿದರೆ ಬಿಳಿ ಪೊರೆ ಕಟ್ಟುತ್ತದೆ. ದ್ರಾವಣ ಮಂದವಾದರೆ ಒಳಗಿಳಿಯದೆ ಮೇಲೆ ಪ್ಲಾಸ್ಟಿಕ್ಕಿನ ಹಾಗೆ ಹೊಳೆಯುತ್ತದೆ. ಮುಂದೆ ಡಿಎನ್‌ಎ ಅಥವಾ ಕಾಲನಿರ್ಣಯಕ್ಕೆ ಬೇಕಾಗಬಹುದಾದ ತುಂಡನ್ನು ಯಾವ ರಾಳವೂ ಮುಟ್ಟದಂತೆ ಬೇರೆ ಇಡಬೇಕು. ಹಳೆಯ ಕಾಲದವರು ಅಂಟು, ಶೆಲ್ಯಾಕ್, ಅರಗು ಕೈಗೆ ಸಿಕ್ಕಿದ್ದನ್ನೆಲ್ಲ ಬಳಿದಿದ್ದಾರೆ. ಅದನ್ನು ಬಿಡಿಸುವುದೇ ಇವತ್ತಿನ ಅರ್ಧ ಕೆಲಸ.

ಒಂದೇ ಹಕ್ಕಿಯ ಪಂಜರ

ಪೋರ್ಟ್ ಲೂಯಿಯ ಆ ಅಸ್ಥಿಪಂಜರ ಜೌಗಿನದಲ್ಲ. ಎತಿಯೆನ್ ತಿರಿಯು ಎಂಬ ಕ್ಷೌರಿಕ, ವಿದ್ವಾಂಸರ ವಲಯಕ್ಕೆ ಸೇರದ ಹವ್ಯಾಸಿ, 20ನೇ ಶತಮಾನದ ಆರಂಭದಲ್ಲಿ ಲೆ ಪೂಸ್ ಬೆಟ್ಟದ ಬಳಿ ಇದನ್ನು ಹುಡುಕಿ ತೆಗೆದ. ಅಲ್ಲಿ ಹಕ್ಕಿ ಒಂಟಿಯಾಗಿ ಸತ್ತು ಬಿದ್ದಿದ್ದರಿಂದ ಎಲುಬುಗಳು ಬೇರೆಯವುಗಳ ಜೊತೆ ಬೆರೆಯಲಿಲ್ಲ. ಒಂದೇ ಡೋಡೋದ, ಹೆಚ್ಚುಕಡಿಮೆ ಪೂರ್ಣ ಪಂಜರ ಎಂದರೆ ಇದೊಂದೇ. ತಿರಿಯು ಸಂಗ್ರಹಿಸಿದ ಇನ್ನೊಂದು ದಕ್ಷಿಣ ಆಫ್ರಿಕಾದ ಡರ್ಬನ್ನಿನಲ್ಲಿದೆ. ಅದರಲ್ಲಿ ಬೆರಕೆಯ ಸಂಶಯವಿದೆ.

ನೂರು ವರ್ಷ ಇದನ್ನು ಯಾರೂ ಸರಿಯಾಗಿ ಅಭ್ಯಾಸ ಮಾಡಲಿಲ್ಲ ಎನ್ನುವುದು ನಂಬಲು ಕಷ್ಟದ ಮಾತು. ಕಳೆದ ದಶಕದಲ್ಲಿ ಲೇಸರಿನಿಂದ ಒಂದೊಂದೇ ಎಲುಬನ್ನು ಮೂರು ಆಯಾಮದಲ್ಲಿ ಅಳೆದಾಗ, ಅದುವರೆಗೆ ಯಾರೂ ವರ್ಣಿಸಿರದ ಮಂಡಿಚಿಪ್ಪು, ಕಣಕಾಲು ಮತ್ತು ಮಣಿಕಟ್ಟಿನ ಸಣ್ಣ ಎಲುಬುಗಳು ಅದರಲ್ಲಿರುವುದು ಕಂಡಿತು. ಕೆಸರಲ್ಲಿ ಕಾಲಾಡಿಸಿ ಹುಡುಕುವವನಿಗೆ ಇವು ಸಿಗುವಂಥವಲ್ಲ.

ಎಲುಬಿನಿಂದ ಇನ್ನೂ ಏನೇನು ಹೊರಡುತ್ತದೆ ಎಂಬುದಕ್ಕೆ ಇನ್ನೊಂದು ಉದಾಹರಣೆ. 2017ರಲ್ಲಿ ಪ್ರಕಟವಾದ ಅಧ್ಯಯನಕ್ಕೆ ಡೋಡೋ ಎಲುಬುಗಳ ತೆಳುಬಿಲ್ಲೆ ಕೊಯ್ದು ಸೂಕ್ಷ್ಮದರ್ಶಕದ ಕೆಳಗಿಟ್ಟರು. ಮೊಟ್ಟೆಯಿಡುವ ಕಾಲಕ್ಕೆ ಹೆಣ್ಣು ಹಕ್ಕಿಗಳ ಎಲುಬಿನೊಳಗೆ ಸುಣ್ಣದ ವಿಶೇಷ ಪದರ ಕಟ್ಟುತ್ತದೆ, ಗರಿ ಉದುರಿಸುವಾಗ ಎಲುಬಿನಿಂದ ಖನಿಜ ಕರಗಿ ಪೊಳ್ಳುಗಳಾಗುತ್ತವೆ. ಇವೆರಡರ ಗುರುತಿನಿಂದ, ಡೋಡೋ ಆಗಸ್ಟ್ ಆಸುಪಾಸಿನಲ್ಲಿ ಮೊಟ್ಟೆಗೆ ಸಿದ್ಧವಾಗುತ್ತಿತ್ತು, ಮರಿಗಳು ಚಂಡಮಾರುತದ ಕಾಲಕ್ಕೆ ಮುಂಚೆ ಬೇಗ ಬೆಳೆಯುತ್ತಿದ್ದವು, ದೊಡ್ಡವು ಆ ಕಾಲ ಮುಗಿದ ಮೇಲೆ ಗರಿ ಉದುರಿಸುತ್ತಿದ್ದವು ಎಂದು ಕಂಡುಕೊಂಡರು. ಇದಕ್ಕೆ ಎಲುಬನ್ನು ಕತ್ತರಿಸಲೇಬೇಕು. ಆದ್ದರಿಂದ ತುಂಡಾದ, ಯಾವ ಹಕ್ಕಿಯದೆಂದು ತಿಳಿಯದ ಜೌಗಿನ ಎಲುಬುಗಳೇ ಇಂಥ ಕೆಲಸಕ್ಕೆ ಯೋಗ್ಯ. ತಿರಿಯು ಪಂಜರಕ್ಕೆ ಗರಗಸ ಹಚ್ಚಲು ಯಾರೂ ಒಪ್ಪುವುದಿಲ್ಲ.

ಡೋಡೋ ಪಾರಿವಾಳದ ಕುಲದ್ದು. ಬದುಕಿರುವ ಹಕ್ಕಿಗಳಲ್ಲಿ ಅದಕ್ಕೆ ಅತಿ ಹತ್ತಿರದ ನೆಂಟ ನಿಕೋಬಾರ್ ಪಾರಿವಾಳ ಎಂದು ಆಕ್ಸ್‌ಫರ್ಡ್ ತುಣುಕಿನ ಡಿಎನ್‌ಎ 2002ರಲ್ಲಿ ತೋರಿಸಿತು.

ಉಪ್ಪುಗಾಳಿಯ ಜೊತೆ ದಿನನಿತ್ಯದ ಜಗಳ

ಈ ಮ್ಯೂಸಿಯಂನಲ್ಲಿ ಡೋಡೋಗಿಂತಲೂ ಬೇಗ ಕೈಬಿಟ್ಟು ಹೋಗಬಹುದಾದ ವಸ್ತು ಇನ್ನೊಂದಿದೆ: ಮಾರಿಷಸ್ ನೀಲಿ ಪಾರಿವಾಳದ ಗರಿ ಸಮೇತದ ಚರ್ಮ. ಜಗತ್ತಿನಲ್ಲಿ ಉಳಿದಿರುವುದು ಮೂರು. ಪ್ಯಾರಿಸ್‌ನಲ್ಲಿ ಒಂದು, ಎಡಿನ್‌ಬರೋದಲ್ಲಿ ಒಂದು, ಪೋರ್ಟ್ ಲೂಯಿಯಲ್ಲಿ ಒಂದು. ಇಲ್ಲಿರುವುದು 1826ರಲ್ಲಿ ಹೊಡೆದ ಹಕ್ಕಿ. ಎಲುಬು ತಡೆದುಕೊಳ್ಳುವ ಬೆಳಕು, ಹುಳುಗಳನ್ನು ಗರಿ ತಡೆಯುವುದಿಲ್ಲ.

ಬೆಳಕಿನ ಲೆಕ್ಕ ಸರಳ. ಗರಿ, ಬಟ್ಟೆ, ಜಲವರ್ಣಗಳಿಗೆ 50 ಲಕ್ಸ್ (ಬೆಳಕು ಅಳೆಯುವ ಮಾನ) ಮಿತಿ ಎನ್ನುತ್ತಾರೆ. ವರ್ಷಕ್ಕೆ 3,000 ಗಂಟೆ ಪ್ರದರ್ಶನವಿದ್ದರೆ ಒಟ್ಟು 1,50,000 ಲಕ್ಸ್-ಗಂಟೆ. ಕಿಟಕಿ ತೆರೆದು 200 ಲಕ್ಸ್ ಬಿದ್ದರೆ ಅಷ್ಟೇ ಹಾನಿ 750 ಗಂಟೆಯಲ್ಲಿ ಮುಗಿಯುತ್ತದೆ. ಮಾಸಿದ ಬಣ್ಣ ಕತ್ತಲಲ್ಲಿಟ್ಟರೆ ಮರಳುವುದಿಲ್ಲ. ಕೋಣೆ ಮಬ್ಬಾಗಿದೆ ಎಂದು ಗೊಣಗುವ ಪ್ರೇಕ್ಷಕರು ಇದನ್ನು ತಿಳಿದಿದ್ದರೆ ಒಳ್ಳೆಯದು.

ತೇವದ್ದು ದೊಡ್ಡ ತಲೆನೋವು. ಸಾಪೇಕ್ಷ ತೇವಾಂಶ ಶೇ 65 ದಾಟಿ ಕೆಲವು ದಿನ ನಿಂತರೆ ಬೂಸ್ಟು ಏಳುತ್ತದೆ; ಕಡಲ ಪಕ್ಕದ ಪೋರ್ಟ್ ಲೂಯಿಯಲ್ಲಿ 70 ದಾಟುವುದು ಮಾಮೂಲು. ಮಳೆಗಾಲದಲ್ಲಿ ಮಂಗಳೂರು, ಕಾರವಾರದ ಮನೆಗಳ ಬೀರುವಿನಲ್ಲಿ ಚರ್ಮದ ಚಪ್ಪಲಿ ಹಸಿರಾಗುವುದು ಇದೇ ಕಾರಣಕ್ಕೆ. ಎಸಿ ಹಾಕಿದರೆ ಮುಗಿಯಿತು ಎಂದುಕೊಳ್ಳುವುದೇ ಇಲ್ಲಿ ಆಗುವ ದೊಡ್ಡ ತಪ್ಪು. ಹಗಲು ಎಸಿ ಓಡಿಸಿ ಸಂಜೆ ಆರಿಸಿದರೆ, ತಣ್ಣಗಿರುವ ಎಲುಬು, ಗಾಜು, ಲೋಹಗಳ ಮೇಲೆ ಹೊರಗಿನ ಒದ್ದೆ ಗಾಳಿ ಬಂದು ನೀರಾಗಿ ಕೂರುತ್ತದೆ. ದಿನಾ ಹಿಗ್ಗಿ ಕುಗ್ಗಿ ಮರ, ದಂತ, ಹಲ್ಲು ಸೀಳುತ್ತವೆ. ಹೀಗೆ ಏರಿಳಿಸುವುದಕ್ಕಿಂತ ಎಸಿ ಇಲ್ಲದೆ ಗಾಳಿಯಾಡುವ ಕೋಣೆಯೇ ವಾಸಿ. ಅಪರೂಪದ್ದನ್ನು ಗಾಳಿ ನುಸುಳದ ಪೆಟ್ಟಿಗೆಯಲ್ಲಿಟ್ಟು, ಬೇಕಾದ ತೇವಾಂಶಕ್ಕೆ ಮೊದಲೇ ಹದಮಾಡಿದ, ತೇವ ಹೀರಿ ಬಿಡುವ ಸಿಲಿಕಾ ಜೆಲ್ ಹರಳು ಇಡುವುದು ಅಗ್ಗದ ದಾರಿ. ಪೆಟ್ಟಿಗೆಯ ಒಂದು ಘನ ಮೀಟರಿಗೆ 20 ಕಿಲೋ ಎಂಬುದು ಹಳೆಯ, ಈಗಲೂ ನಡೆಯುವ ಲೆಕ್ಕ. ಬೊಗಸೆಯಷ್ಟು ಜೆಲ್ ಬಟ್ಟಲಲ್ಲಿಟ್ಟರೆ ನೋಡುವವರಿಗೆ ಸಮಾಧಾನ, ವಸ್ತುವಿಗೆ ಏನೂ ಇಲ್ಲ.

ಚಿಪ್ಪು, ಹವಳ, ಮೊಟ್ಟೆಗಳಿಗೆ ಬರುವ ಕಾಯಿಲೆ ಬೇರೆ. ಮರದ ಬೀರು, ಪ್ಲೈವುಡ್, ಕೆಲವು ಅಂಟುಗಳು ಅಸಿಟಿಕ್ ಮತ್ತು ಫಾರ್ಮಿಕ್ ಆಮ್ಲದ ಆವಿ ಬಿಡುತ್ತವೆ. ತೇವವಿದ್ದಾಗ ಆ ಆವಿ ಚಿಪ್ಪಿನ ಸುಣ್ಣದ ಜೊತೆ ಸೇರಿ ಬಿಳಿ ಪುಡಿ ಹೊಮ್ಮುತ್ತದೆ. ನೋಡಲು ಬೂಸ್ಟಿನಂತೆಯೇ ಇರುವುದರಿಂದ ಬ್ರಶ್ಶಿನಲ್ಲಿ ಒರೆಸಿ ಮತ್ತೆ ಅದೇ ಬೀರುವಿನಲ್ಲಿಡುತ್ತಾರೆ, ಕೆಲವು ವರ್ಷದಲ್ಲಿ ಚಿಪ್ಪಿನ ಮೇಲ್ಮೈಯೇ ಹೋಗುತ್ತದೆ. ಇದನ್ನು 1899ರಲ್ಲಿ ವರ್ಣಿಸಿದ ಬೈನ್ ಎಂಬ ಚಿಪ್ಪುಸಂಗ್ರಾಹಕನೂ ಬ್ಯಾಕ್ಟೀರಿಯಾದ ಕೆಲಸವೆಂದೇ ಭಾವಿಸಿದ್ದ. ಪರಿಹಾರ ಒಂದೇ: ಬಣ್ಣ ಸುಟ್ಟು ಕೂರಿಸಿದ ಉಕ್ಕಿನ ಬೀರು, ಆಮ್ಲವಿಲ್ಲದ ಕಾಗದ, ಗಾಳಿಯಾಟ.

ಗರಿ, ತುಪ್ಪಳ ತಿನ್ನುವ ಜೀರುಂಡೆಯ ಮರಿಹುಳುಗಳಿಗೆ ವಿಷಕ್ಕಿಂತ ಚಳಿ ಒಳ್ಳೆಯ ಮದ್ದು. ವಸ್ತುವನ್ನು ಪಾಲಿಥೀನ್‌ನಲ್ಲಿ ಗಾಳಿ ತೆಗೆದು ಮುಚ್ಚಿ ಮೈನಸ್ 20 ಡಿಗ್ರಿಯಲ್ಲಿ ಎರಡು ವಾರ, ಅಥವಾ ಮೈನಸ್ 30ರಲ್ಲಿ ಮೂರು ದಿನ ಇಡುತ್ತಾರೆ. ಹೊರತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬಾರದು, ಬಿಚ್ಚಿದರೆ ತಣ್ಣನೆಯ ಗರಿಯ ಮೇಲೆ ಇಬ್ಬನಿ ಕೂರುತ್ತದೆ. 19ನೇ ಶತಮಾನದ ಹಕ್ಕಿಗಳ ಚರ್ಮಕ್ಕೆ ಆರ್ಸೆನಿಕ್ ಬೆರೆತ ಸೋಪು ಹಚ್ಚುವುದು ರೂಢಿಯಾಗಿತ್ತು. ಕೈಗವಸಿಲ್ಲದೆ ಮುಟ್ಟಬಾರದು ಎನ್ನುವುದು ಹಕ್ಕಿಗಿಂತ ಹೆಚ್ಚಾಗಿ ಮುಟ್ಟುವವರ ಒಳಿತಿಗೆ.

ಸತ್ತ ಜೀವಿಗಳನ್ನು ಮುಳುಗಿಸಿಟ್ಟ ಆಲ್ಕೋಹಾಲಿನ ಬಾಟಲಿಗಳ ವಿಷಯದಲ್ಲಿ ಒಂದೇ ಮಾತು. 70 ಪ್ರತಿಶತ ಎಥನಾಲ್ ಇಳಿದಾಗ ನೀರಿಗಿಂತ ಎಥನಾಲೇ ಹೆಚ್ಚು ಆವಿಯಾಗಿರುತ್ತದೆ. ಅದೇ 70ರ ದ್ರಾವಣ ತುಂಬುತ್ತ ಹೋದರೆ ಬಾಟಲಿ ತುಂಬಿರುತ್ತದೆ, ಒಳಗಿನ ಹಲ್ಲಿ ಕೊಳೆಯುತ್ತಿರುತ್ತದೆ. ಬಲ ಅಳೆದೇ ತುಂಬಬೇಕು.

ಕೇಳಲು ಚೆಂದ, ನಿಲ್ಲದ ಕಥೆ

ತಂಬಲಕಾಕ್ ಎಂಬ ಮರ ಮಾರಿಷಸ್ಸಿನದು. ಅದರ ಬೀಜ ಡೋಡೋದ ಹೊಟ್ಟೆಯಲ್ಲಿ ಹಾದುಬಂದರೆ ಮಾತ್ರ ಮೊಳೆಯುತ್ತಿತ್ತು, ಡೋಡೋ ಹೋದಮೇಲೆ ಹೊಸ ಮರವೇ ಹುಟ್ಟಿಲ್ಲ ಎಂದು ಪರಿಸರ ವಿಜ್ಞಾನಿ ಸ್ಟ್ಯಾನ್ಲಿ ಟೆಂಪಲ್ 1977ರಲ್ಲಿ ಬರೆದರು. ಟರ್ಕಿ ಕೋಳಿಗಳಿಗೆ 17 ಬೀಜ ನುಂಗಿಸಿದರು. 7 ಪುಡಿಯಾದವು, 10 ಹೊರಬಂದವು, 3 ಮೊಳೆತವು. ನುಂಗಿಸದ ಬೀಜಗಳನ್ನು ಜೊತೆಗೆ ಬಿತ್ತಿ ಹೋಲಿಸಿರಲಿಲ್ಲ. ಆಮೇಲೆ ನೋಡಿದರೆ ಯಾರ ಹೊಟ್ಟೆಗೂ ಹೋಗದ ಬೀಜ ಮೊಳೆಯುತ್ತಿತ್ತು, 300 ವರ್ಷಕ್ಕಿಂತ ಕಿರಿಯ ಮರಗಳೂ ಕಾಡಿನಲ್ಲಿದ್ದವು. ಆದರೂ ಪರಿಸರದ ಪಾಠಗಳಲ್ಲಿ ಈ ಕಥೆ ಇವತ್ತಿಗೂ ನಡೆದೇ ಇದೆ.

ಬೀಜ ಹರಡುವ ಕೆಲಸದಲ್ಲಿ ಆಮೆಗಳ ಪಾತ್ರ ದೊಡ್ಡದಿತ್ತು. ಜೌಗಿನ ಎಲುಬುಗಳಲ್ಲಿ ಅವುಗಳ ಸಂಖ್ಯೆಯೇ ಅದನ್ನು ಹೇಳುತ್ತದೆ. ಮಾರಿಷಸ್ಸಿನ ಎರಡು ಜಾತಿ ದೈತ್ಯ ಆಮೆಗಳು ಅಳಿದಿವೆ. ಮಾಯೆಬೂರ್ ಎದುರಿನ ಈಲ್ ಒಜೆಗ್ರೆಟ್ ಎಂಬ ಸುಮಾರು 26 ಹೆಕ್ಟೇರಿನ ಹವಳಗಲ್ಲಿನ ನಡುಗಡ್ಡೆಯಲ್ಲಿ 2000ದಿಂದ ಅವುಗಳ ಬದಲಿಗೆ ಅಲ್ದಾಬ್ರಾ ಎಂಬ ಇನ್ನೊಂದು ದ್ವೀಪದ ದೈತ್ಯ ಆಮೆಗಳನ್ನು ಬಿಟ್ಟಿದ್ದಾರೆ. ಅವು ಕರಿಮರದ ಹಣ್ಣು ತಿಂದು ದೂರ ದೂರ ಬೀಜ ಬಿಡುತ್ತವೆ. ಹಾಗೆ ಬಿದ್ದ ಬೀಜ ಮೊಳೆಯುವ ಪ್ರಮಾಣವೂ ಹೆಚ್ಚು. ಹೋಲಿಕೆಗೆ ಬಿತ್ತಿ ನೋಡಿದ ಲೆಕ್ಕ ಇದು.

ಹೆಸರಿಲ್ಲದ ಕಾಲುಗಳು

ಜೌಗಿನ ಚರಿತ್ರೆಯಲ್ಲಿ ಕ್ಲಾರ್ಕ್ ಇದ್ದಾನೆ, ಹಿಗ್ಗಿನ್ಸನ್ ಇದ್ದಾನೆ, ಓವೆನ್ ಇದ್ದಾರೆ. ಮೂರಡಿ ನೀರಿನಲ್ಲಿ ಕಾಲಿನಿಂದ ಎಲುಬು ಮುಟ್ಟಿದವರ ಹೆಸರು ಆ ಬರಹಗಳಲ್ಲಿಲ್ಲ. 1860ರ ದಶಕದ ಮಾರಿಷಸ್ಸಿನಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಭಾರತೀಯ ಮೂಲದವರು. ತೋಟ, ರೈಲುಹಾದಿಯ ಕೂಲಿ ಹೆಚ್ಚಾಗಿ ಕಲ್ಕತ್ತಾ, ಮದ್ರಾಸು, ಬೊಂಬಾಯಿ ಬಂದರುಗಳಿಂದ ಕರಾರಿನ ಮೇಲೆ ಬಂದವರದು. 1834ರಿಂದ 1920ರವರೆಗೆ ಹಾಗೆ ಬಂದಿಳಿದವರು ಐದು ಲಕ್ಷಕ್ಕೆ ಹತ್ತಿರ. ಅವರು ಬಂದಿಳಿಯುತ್ತಿದ್ದ ಆಪ್ರವಾಸಿ ಘಾಟ್ 2006ರಿಂದ ಯುನೆಸ್ಕೋ ವಿಶ್ವಪರಂಪರೆಯ ತಾಣ. ದ್ವೀಪದ ಪ್ರಕೃತಿ ಒಂದು ಕಟ್ಟಡದಲ್ಲಿ, ಜನ ಇನ್ನೊಂದರಲ್ಲಿ ಎಂದು ಹಂಚಿಟ್ಟಿರುವುದು ಆಡಳಿತದ ಅನುಕೂಲಕ್ಕೆ. ಕಬ್ಬಿಗಾಗಿ ಕಾಡು ಕಡಿದದ್ದು, ಕಬ್ಬು ಸಾಗಿಸಲು ರೈಲು ಬಂದದ್ದು, ರೈಲಿನಿಂದ ಎಲುಬು ಸಿಕ್ಕಿದ್ದು ಒಂದೇ ಎಳೆ. ಮೋಡಿ ಗರಿಯ ಡೋಡೋದ್ದಾದರೂ, ಆ ಎಳೆಯನ್ನು ಫಲಕಗಳಲ್ಲಿ ಬರೆಯದಿದ್ದರೆ ಪ್ರದರ್ಶನ ಅರ್ಧವೇ.

ಹೋಗುವವರು ಎರಡು ದಿನ ಇಟ್ಟುಕೊಂಡರೆ ಸಾಕು. ಮೊದಲ ದಿನ ಮ್ಯೂಸಿಯಂ. ಗರಿಯ ಮಾದರಿಯನ್ನು ಕೊನೆಗಿಟ್ಟು ತಿರಿಯು ಪಂಜರದಿಂದ ಶುರುಮಾಡಿ. ಮಂಡಿ, ಮಣಿಕಟ್ಟಿನ ಸಣ್ಣ ಎಲುಬುಗಳನ್ನು ಹುಡುಕಿ ನೋಡಿ, ಆಮೇಲೆ ಆಮೆಗಳು. ಅಲ್ಲಿಂದ ಆಪ್ರವಾಸಿ ಘಾಟ್ ನಡೆದೇ ಹೋಗುವಷ್ಟು ದೂರ. ಮರುದಿನ ಮಾಯೆಬೂರ್ ಕಡೆ. ಈಲ್ ಒಜೆಗ್ರೆಟ್‌ಗೆ ಒಬ್ಬರೇ ಹೋಗುವಂತಿಲ್ಲ. ಮಾರ್ಗದರ್ಶಕರ ಜೊತೆ ದೋಣಿಯಲ್ಲಿ ಕರೆದೊಯ್ಯುತ್ತಾರೆ, ಜಾಗ ಮೊದಲೇ ಕಾದಿರಿಸಬೇಕು. ಹೊರಡುವ ಮೊದಲು ಚಪ್ಪಲಿ, ಚೀಲಗಳಿಗೆ ಅಂಟಿದ ಮಣ್ಣು, ಬೀಜ ಕೊಡವಿಕೊಳ್ಳಿ.